ಕಡಲ ತಳದ ಗಂಟು

ಹದಿನೆಂಟು ವರ್ಷ ಸ್ಕ್ರೂ ಬಿಗಿದವಳಿಗೆ ಸ್ಕ್ರೂ ತೆಗೆಯುವುದೇನು ದೊಡ್ಡ ವಿದ್ಯೆಯೇ? ಆದರೂ ಬೀದಿಯವರು ಅವಳಿಗೆ ಹೆಸರಿಟ್ಟದ್ದು ತೆಗೆಯಲು ಕೂತ ಮೇಲೆಯೇ. ಫೋನ್ ಕಾರ್ಖಾನೆಯ ನಾಲ್ಕನೇ ಸಾಲಿನಲ್ಲಿ ಕೂತು ದಿನಕ್ಕೆ ನಾನೂರು ಫೋನಿಗೆ ತಲಾ ಆರು ಸ್ಕ್ರೂ ಹಾಕುತ್ತಿದ್ದಾಗ ಅವಳು ಯಾರ ಕಣ್ಣಿಗೂ ಬಿದ್ದವಳಲ್ಲ. ಕಾರ್ಖಾನೆ ಮುಚ್ಚಿತು. ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿ, ಅವೇ ಫೋನುಗಳನ್ನು ಬಿಚ್ಚಿ ಬ್ಯಾಟರಿ ಒಂದು ಕಡೆ, ಸರ್ಕ್ಯೂಟ್ ಹಲಗೆ ಒಂದು ಕಡೆ, ಗಾಜು ಒಂದು ಕಡೆ ಗುಡ್ಡೆ ಹಾಕತೊಡಗಿದಳು. ಅವತ್ತಿನಿಂದ ಅವಳು ಊರಿಗೆಲ್ಲ ಸ್ಕ್ರೂ ಅಕ್ಕ. ಅವಳು ಅಕ್ಕ ಆದ ಮೇಲೆ ಅವಳ ಗಂಡ ಎಲ್ಲರಿಗೂ ಭಾವ ಆಗದೆ ವಿಧಿಯಿರಲಿಲ್ಲ. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ಮಹಡಿ ಮನೆಯ ಅಜ್ಜಿ ಕೂಡ ಅವನನ್ನು ಭಾವ ಎಂದೇ ಕರೆಯುತ್ತಿದ್ದಳು. ಅವನೂ ನಾಚಿಕೆಯಿಲ್ಲದೆ ಓಗೊಡುತ್ತಿದ್ದ.

ಈ ಭಾವನೇ ಇಷ್ಟಕ್ಕೆಲ್ಲ ಮೂಲ. ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು. ಸರಕಿನ ಹಡಗಲ್ಲ, ಕಡಲ ತಳವನ್ನು ಅಳೆಯುವವರ ಹಡಗು. ಒಂದು ಮಧ್ಯಾಹ್ನ ಚಹಾದ ತಟ್ಟೆ ಹಿಡಿದು ಪರದೆಗಳಿರುವ ಕೋಣೆಗೆ ಹೋದವನು ತಟ್ಟೆ ಕೆಳಗಿಡುವುದನ್ನೇ ಮರೆತು ನಿಂತುಬಿಟ್ಟನಂತೆ. ನಾಲ್ಕು ಕಿಲೋಮೀಟರ್ ಆಳದಲ್ಲಿ ಕ್ಯಾಮೆರಾ ಇತ್ತು. ದೀಪದ ಬೆಳಕು ಬಿದ್ದಷ್ಟೂ ದೂರ ಕೆಸರಿನ ಮೇಲೆ ಆಲೂಗಡ್ಡೆ ಸುರುವಿದಂತೆ ಕಪ್ಪು ಕಪ್ಪು ಉಂಡೆಗಳು. ಒಂದು ಉಂಡೆ ಅಕ್ಕಿಕಾಳಿನಷ್ಟು ದಪ್ಪವಾಗಲು ಹತ್ತು ಲಕ್ಷ ವರ್ಷ ಬೇಕು ಎಂದು ಅಲ್ಲಿದ್ದವರು ಹೇಳಿದರು. ಅದರೊಳಗೆ ತಾಮ್ರ, ನಿಕ್ಕಲ್, ಕೋಬಾಲ್ಟ್ ಇದೆ, ಬ್ಯಾಟರಿ ಮಾಡುವವರಿಗೆ ಅದೆಲ್ಲ ಬೇಕು, ನಾಳೆ ಯಂತ್ರ ಇಳಿಸಿ ಬಾಚಿಕೊಂಡು ಹೋಗುವವರಿದ್ದಾರೆ ಎಂದೂ ಹೇಳಿದರು. ಒಂದು ಉಂಡೆಯ ಮೇಲೆ ಬಿಳಿಯ ಪ್ರಾಣಿಯೊಂದು ಕಾಂಡ ಊರಿ ನಿಂತಿತ್ತು. ಸುತ್ತ ಎಲ್ಲಿ ನೋಡಿದರೂ ಕೆಸರು. ಅದಕ್ಕೆ ಹಿಡಿದುಕೊಳ್ಳಲು ಗಟ್ಟಿಯಾದದ್ದು ಅಂತ ಇದ್ದದ್ದು ಆ ಉಂಡೆ ಒಂದೇ.

ಹಡಗಿನ ವಿದ್ವಾಂಸರು ಆ ಉಂಡೆಗೆ ಉದ್ದದ ಹೆಸರು ಹೇಳುತ್ತಿದ್ದರು. ಅದಕ್ಕೆ ಭಾವನ ನಾಲಿಗೆ ಹೊರಳಲಿಲ್ಲ. ಹಿಟ್ಟು ಕದಡಿದಾಗ ಕರಗದೆ ಉಳಿಯುವುದಕ್ಕೆ ಅಡುಗೆಯವರು ಗಂಟು ಎನ್ನುತ್ತಾರೆ. ಅವನು ಅದನ್ನೂ ಗಂಟು ಎಂದ. ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದಾಗಲೂ ಗಂಟು ಎಂದೇ ಹೇಳಿದ. ಅಕ್ಕ ಅದನ್ನು ಕೇಳಿ ಬಹಳ ಹೊತ್ತು ತನ್ನ ಎರಡು ಕೈಗಳನ್ನೂ ನೋಡಿಕೊಂಡಿದ್ದಳು. ಈ ಕೈ ದಾಟಿ ಹೋದ ಬ್ಯಾಟರಿಗಳೆಷ್ಟು, ಅವೆಲ್ಲ ಈಗ ಯಾವ ಯಾವ ಮನೆಯ ಮೂಲೆಯಲ್ಲಿ ಬಿದ್ದಿವೆ ಎಂಬುದು ಅವಳ ಲೆಕ್ಕ. ಮೇಲೆ ಇಷ್ಟು ಬಿದ್ದಿರುವಾಗ ಕೆಳಗೆ ಹೋಗಿ ಯಾಕೆ ಕೆದಕಬೇಕು ಎಂಬುದು ಅವಳ ಪ್ರಶ್ನೆ. ಉತ್ತರ ಕೊಡುವವರು ಯಾರೂ ಸಿಗದಿದ್ದಾಗ ಮೇಜು ಹಾಕಿ ಕೂತಳು. ಪಕ್ಕದಲ್ಲಿ ನಾದಿನಿ ಕೂತಳು. ಚಹಾ ಭಾವನ ಪಾಲಿಗೆ ಬಂತು.

ಬಿಚ್ಚಿ ಬೇರ್ಪಡಿಸಿದ್ದನ್ನು ಕರಗಿಸಿ ಲೋಹ ತೆಗೆಯುವ ಕಾರ್ಖಾನೆ ದೂರದಲ್ಲಿತ್ತು. ತಿಂಗಳಿಗೊಮ್ಮೆ ಅವರ ಲಾರಿ ಊರೂರು ಸುತ್ತಿ ಬರುತ್ತಿತ್ತು. ಎರಡು ತಿಂಗಳು ಅಕ್ಕ ಕೊಟ್ಟ ಸರಕು ನೋಡಿ ಕಾರ್ಖಾನೆಯವರು ಕಾಗದ ಬರೆದರು: ಮುಂದಿನ ಸಲ ಇನ್ನೂರು ಕಿಲೋ ಇಲ್ಲದಿದ್ದರೆ ಲಾರಿ ಆ ಕಡೆ ಬರುವುದು ದಂಡ, ಬರಬೇಕೋ ಬೇಡವೋ ಎಂಬುದನ್ನು ಲಾರಿಯವರೇ ನೋಡಿ ಬರೆಯುತ್ತಾರೆ. ಲಾರಿ ನಿಂತರೆ ಬಿಚ್ಚಿದ್ದೆಲ್ಲ ಮನೆಯಲ್ಲೇ ಕೊಳೆಯಬೇಕು. ಇಲ್ಲವೇ ಊರಾಚೆಯ ಕಸದ ಗುಂಡಿಗೆ ಹೋಗಬೇಕು. ಅಂದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ.

ಲಾರಿ ಬರುವ ಶುಕ್ರವಾರಕ್ಕೆ ವಾರವಿತ್ತು. ಕೋಣೆಯಲ್ಲಿದ್ದದ್ದು ಅರವತ್ತು ಕಿಲೋ.

ಅಕ್ಕ ಮನೆ ಮನೆ ಸುತ್ತಿದಳು. ಊರಿನಲ್ಲಿ ಹಳೆಯ ಫೋನುಗಳಿಗೆ ಬರವಿತ್ತೇ? ಒಂದೊಂದು ಮನೆಯ ಕಪಾಟಿನಲ್ಲೂ ಆರು ಏಳು. ಪರದೆ ಒಡೆದದ್ದು, ಗುಂಡಿ ಕಿತ್ತದ್ದು, ಹೊಟ್ಟೆ ಉಬ್ಬಿದ್ದು, ಜೊತೆಗೆ ಯಾವುದಕ್ಕೂ ಹೊಂದದ ಚಾರ್ಜರುಗಳ ಸಂಸಾರ. ಆದರೆ ಕೇಳಿದವರೆಲ್ಲ ಒಂದೇ ಶಾಲೆಯಲ್ಲಿ ಓದಿದವರಂತೆ ಒಂದೇ ಮಾತು ಹೇಳಿದರು: ಇರಲಿ ಅಕ್ಕಾ, ಯಾವತ್ತಾದರೂ ಬೇಕಾಗುತ್ತೆ. ಸತ್ತ ಫೋನು ಯಾವತ್ತು ಯಾತಕ್ಕೆ ಬೇಕಾಗುತ್ತದೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಬೀದಿಯ ದರ್ಜಿ ಮಾತ್ರ ದೊಡ್ಡ ಮನಸ್ಸು ಮಾಡಿ ಒಂದು ಕೊಟ್ಟ. ಮಹಡಿ ಅಜ್ಜಿ ಒಂದು ಕೊಟ್ಟು, ಜೋಪಾನ ಎಂದಳು.

ಹೆಂಡತಿ ಕಂಗೆಟ್ಟದ್ದನ್ನು ನೋಡಲಾರದೆ ಭಾವ ಬಣ್ಣದ ಡಬ್ಬಿ ಹಿಡಿದ. ಬಾಗಿಲ ಮೇಲೆ ಅದುವರೆಗೆ ಇದ್ದ ಹಲಗೆಯಲ್ಲಿ ‘ಹಳೆಯ ಫೋನು, ಲ್ಯಾಪ್‌ಟಾಪು, ಬ್ಯಾಟರಿ ಇಲ್ಲಿ ಕೊಡಿ’ ಎಂದಷ್ಟೇ ಇತ್ತು. ಅದರಲ್ಲಿ ಉಪ್ಪಿಲ್ಲ, ಖಾರವಿಲ್ಲ ಎಂದು ಅವನ ತೀರ್ಮಾನ. ಅರ್ಧ ದಿನ ಏಣಿ ಮೇಲೆ ನಿಂತು, ನಾಲಿಗೆ ಕಚ್ಚಿಕೊಂಡು, ನೀಲಿ ಬಣ್ಣದಲ್ಲಿ ಹೊಸದಾಗಿ ಬರೆದ: ‘ನಿಮ್ಮ ಹಳೆಯ ಫೋನಿನಲ್ಲಿದೆ ಕಡಲ ತಳದ ಗಂಟು!’ ಕೆಳಗೆ ಒಂದು ಅಲೆಯನ್ನೂ ಬಿಡಿಸಿದ. ಅಕ್ಕನಿಗೂ ಅದು ಚೆನ್ನಾಗಿ ಕಂಡಿತು. ಇಬ್ಬರಿಗೂ ಗಂಟು ಎಂದರೆ ಆ ಕಪ್ಪು ಉಂಡೆಯೇ ಆಗಿಹೋಗಿತ್ತು. ಆ ಮಾತಿಗೆ ಬೇರೆ ಅರ್ಥ ಇದೆ ಎನ್ನುವುದೇ ಅವರ ತಲೆಗೆ ಹೊಳೆಯಲಿಲ್ಲ.

ಕನ್ನಡದಲ್ಲಿ ಗಂಟು ಎಂದರೆ ಕೇಳಬೇಕೇ? ದಾರಕ್ಕೆ ಬಿದ್ದರೂ ಗಂಟೇ, ಹುಬ್ಬಿಗೆ ಬಿದ್ದರೂ ಗಂಟೇ. ಆದರೆ ಹೂತಿಟ್ಟ ಗಂಟು, ಮುಳುಗಿದ ಗಂಟು ಎಂದರೆ ಮಾತ್ರ ಮಲಗಿದವರೂ ಎದ್ದು ಕೂರುತ್ತಾರೆ. ಮರುದಿನ ಬೆಳಿಗ್ಗೆ ಎಂಟಕ್ಕೆ ದರ್ಜಿ ಬಂದು, ತಾನು ಕೊಟ್ಟ ಫೋನು ವಾಪಸ್ ಬೇಕೆಂದ. ಯಾಕೆಂದರೆ ಹೇಳಲಿಲ್ಲ. ಅವನ ಬೆನ್ನಿಗೇ ಅಜ್ಜಿ ಮೆಟ್ಟಿಲಿಳಿದು ಬಂದಳು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಎರಡು ತಿಂಗಳಲ್ಲಿ ಕೊಟ್ಟವರೂ ಬಂದು, ಬಿಚ್ಚಿದ್ದರೆ ಒಳಗೆ ಸಿಕ್ಕಿದ್ದರಲ್ಲಿ ತಮ್ಮ ಪಾಲೆಷ್ಟು ಎಂದು ವಿಚಾರಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಭಾವ ಹಡಗಿನವನಾದ್ದರಿಂದ ಮುಳುಗಿದ ಹಡಗಿನ ಪತ್ತೆ ಅವನಿಗಿದೆಯೆಂದೂ, ಆ ಜಾಗದ ನಕ್ಷೆಯನ್ನು ಹಳೆಯ ಫೋನುಗಳೊಳಗೆ ತುಂಡು ತುಂಡು ಮಾಡಿ ಅಡಗಿಸಿಟ್ಟಿದ್ದಾರೆಂದೂ, ಅದಕ್ಕೇ ಈ ಹೆಂಗಸು ಒಂದೊಂದಾಗಿ ಬಿಚ್ಚಿ ಹುಡುಕುತ್ತಿದ್ದಾಳೆಂದೂ ಸಂಜೆಯೊಳಗೆ ಕಥೆ ಕಟ್ಟಿಯಾಗಿತ್ತು. ಬಿಚ್ಚದೆ ಉಳಿದಿದ್ದವನ್ನೆಲ್ಲ ಕೊಟ್ಟವರೇ ವಾಪಸ್ ಒಯ್ದು, ಅರವತ್ತು ಕಿಲೋ ಇದ್ದದ್ದು ಐವತ್ತಕ್ಕಿಳಿಯಿತು.

ಅಕ್ಕನಿಗೆ ಅಳು ಬಂತು. ಗಂಡನ ಮೇಲೆ ಸಿಟ್ಟೂ ಬಂತು. ಭಾವನ ಸಮಜಾಯಿಷಿ ಒಂದೇ: ಕಾಗುಣಿತವಂತೂ ಸರಿಯಿದೆ.

ಬುಧವಾರ ಬಾಗಿಲ ಮುಂದೆ ನಲವತ್ತು ಐವತ್ತು ಜನ ಸೇರಿದರು. ಎಲ್ಲರ ಕೈಯಲ್ಲೂ ಫೋನು, ಕೊಡಲಿಕ್ಕಲ್ಲ, ಕಣ್ಣೆದುರೇ ಬಿಚ್ಚಿಸಿ ಗಂಟು ಒಯ್ಯಲಿಕ್ಕೆ. ಅಕ್ಕ ಒಂದು ಗಳಿಗೆ ಯೋಚಿಸಿ ನಾದಿನಿಯ ಕೈಯಲ್ಲಿ ಮೇಜಿನ ಒಂದು ತುದಿ ಹಿಡಿಸಿ ಬೀದಿಗೇ ಎಳೆದಳು. ದರ್ಜಿಯ ಫೋನನ್ನೇ ಇಸಿದುಕೊಂಡಳು. ಬಿಸಿ ಚೀಲವನ್ನು ಅದರ ಬೆನ್ನಿಗೆ ಒತ್ತಿ ಅಂಟು ಸಡಿಲಿಸಿದಳು. ಪ್ಲಾಸ್ಟಿಕ್ ಚೂರು ತೂರಿಸಿ ಮುಚ್ಚಳ ಎಬ್ಬಿಸಿದಳು. ಆರು ಸ್ಕ್ರೂ ಹಾಕಿದ ಕ್ರಮಕ್ಕೆ ತಿರುಗುಮುರುಗಾಗಿ ಹೊರಬಂದು ಅಯಸ್ಕಾಂತದ ತಟ್ಟೆಯಲ್ಲಿ ಸಾಲಾಗಿ ಕೂತವು. ಅಕ್ಕ ಅವುಗಳ ಕಡೆ ನೋಡಲೂ ಇಲ್ಲ, ಬೆರಳಿಗೆ ದಾರಿ ಗೊತ್ತಿತ್ತು. ಬ್ಯಾಟರಿ ಎತ್ತಿ, ಅದರ ತುದಿಗೆ ಟೇಪು ಸುತ್ತಿ, ಎಲ್ಲರಿಗೂ ಕಾಣುವಂತೆ ಹಿಡಿದಳು. ಜನ ಕತ್ತು ಉದ್ದ ಮಾಡಿದರು.

"ಇದೇ ಗಂಟು," ಎಂದಳು. "ಇದರೊಳಗೆ ಒಂದು ಚಿಟಿಕೆ ಕೋಬಾಲ್ಟು. ಈ ಸರ್ಕ್ಯೂಟ್ ಹಲಗೇಲಿ ಒಂದಿಷ್ಟು ತಾಮ್ರ. ಕಡಲ ತಳದಲ್ಲಿ ಬಿದ್ದಿರೋ ಉಂಡೇಲಿ ಇರೋದೂ ಇವೇ. ನೀವು ಇದನ್ನ ಕಪಾಟಲ್ಲಿ ಬಚ್ಚಿಟ್ರೆ ಬ್ಯಾಟರಿ ಮಾಡೋರು ಅದನ್ನ ಅಗೀತಾರೆ. ಅಷ್ಟೇ ವಿಷಯ."

ಬೆಟ್ಟ ಅಗೆದು ಇಲಿ ಹಿಡಿದವರ ಮುಖ ಆಯಿತು ಎಲ್ಲರದ್ದೂ. ಭಾವ ಮಧ್ಯೆ ಬಾಯಿ ಹಾಕಿ ಬಿಳಿಯ ಪ್ರಾಣಿಯ ಕಥೆ ಹೇಳಿದ. ಅದು ನಿಂತಿದ್ದ ಭಂಗಿಯನ್ನು ಸೌಟು ಎತ್ತಿ ಹಿಡಿದು ಮಾಡಿಯೂ ತೋರಿಸಿದ. ಕೆಲವರು ನಕ್ಕರು. ದರ್ಜಿಗೆ ಮಾತ್ರ ನಗು ಬರಲಿಲ್ಲ. ಅವನು ಮನಸ್ಸಿನಲ್ಲೇ ಆಗಲೇ ಎರಡು ಹೊಲಿಗೆ ಯಂತ್ರ ಕೊಂಡಿದ್ದ.

"ಅಲ್ಲ ಅಕ್ಕಾ, ಸಮುದ್ರದಲ್ಲಿರೋದೇನು ನಿಮ್ಮಪ್ಪನ ಗಂಟಾ? ಯಾರಾದ್ರೂ ಬಾಚ್ಕೊಂಡು ಹೋಗ್ಲಿ. ನಿಮಗ್ಯಾಕೆ ಉರಿ?"

"ನಮ್ಮಪ್ಪಂದಾಗಿದ್ರೆ ಯಾರಿಗೆ ಬೇಕಾದ್ರೂ ಕೊಟ್ಟುಬಿಡ್ತಿದ್ದೆ ಕಣಪ್ಪ," ಎಂದಳು ಅಕ್ಕ. "ಯಾರಪ್ಪಂದೂ ಅಲ್ವಲ್ಲ. ಕೊಡೋಕೆ ನಾವ್ಯಾರು?"

ದರ್ಜಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮಾತು ಗೆದ್ದಿತು ಎಂದು ಅಕ್ಕನಿಗೆ ಅನ್ನಿಸುವಷ್ಟರಲ್ಲಿ ಮಹಡಿ ಅಜ್ಜಿ ಕೋಲೂರಿ ಮುಂದೆ ಬಂದಳು. ಅಜ್ಜಿಯ ಕಣ್ಣಿಗೆ ಪೊರೆ ಬಂದಿರಬಹುದು, ಬುದ್ಧಿಗೆ ಬಂದಿರಲಿಲ್ಲ.

"ಅದೆಲ್ಲ ಸರಿಯಮ್ಮ. ನಿನ್ನ ಕಪಾಟಿನಲ್ಲಿ ಎಷ್ಟಿವೆ?"

ಅಕ್ಕ ಕೈಯಲ್ಲಿದ್ದ ಬ್ಯಾಟರಿಯನ್ನು ಮೇಜಿನ ಮೇಲಿಟ್ಟಳು. ಕಪಾಟಿನಲ್ಲಿ ಹನ್ನೊಂದಿದ್ದವು. ಕಾರ್ಖಾನೆಯಲ್ಲಿ ಒಂದೊಂದು ಮಾದರಿ ನಿಂತಾಗಲೂ ಸಾಲಿನ ಕೆಲಸಗಾರರಿಗೆ ಒಂದೊಂದು ಕೊಡುತ್ತಿದ್ದರು, ಒಳ ಮುಚ್ಚಳದ ಮೇಲೆ ಅವರವರ ನಂಬರು ಕೆತ್ತಿ. ಹದಿನೆಂಟು ವರ್ಷಕ್ಕೆ ಹನ್ನೊಂದು ಮಾದರಿ. ಒಂದನ್ನೂ ಅವಳು ಬಳಸಿದವಳಲ್ಲ. ತಾನು ಅಷ್ಟು ವರ್ಷ ಬೆನ್ನು ಬಗ್ಗಿಸಿ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಅವಳ ಬಳಿ ಇದ್ದದ್ದು ಅವೇ. ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು. ಸುಳ್ಳು ಹೇಳಬಹುದಿತ್ತು. ಪಕ್ಕದಲ್ಲಿ ಭಾವ ಸೌಟು ಕೆಳಗಿಳಿಸಿ ನೆಲ ನೋಡುತ್ತ ನಿಂತಿದ್ದ. ಅವನಿಗೆ ಗೊತ್ತಿತ್ತು, ಇದುವರೆಗೆ ಒಂದು ಮಾತೂ ಆಡಿರಲಿಲ್ಲ.

"ಹನ್ನೊಂದಿವೆ," ಎಂದಳು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ಗೊಣಗಿದವರ ತಪ್ಪೇನೂ ಇಲ್ಲ. ಅಕ್ಕ ಒಳಗೆ ಹೋದಳು. ಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ ಹನ್ನೊಂದನ್ನೂ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೊದಲು ಕೊನೆಯ ಮಾದರಿಯನ್ನು ಬಿಚ್ಚಿದಳು. ಆಮೇಲೆ ಅದರ ಹಿಂದಿನದ್ದು, ಅದರ ಹಿಂದಿನದ್ದು. ಬಿಚ್ಚುತ್ತ ಬಿಚ್ಚುತ್ತ, ಈ ವರ್ಷ ನಾದಿನಿಯ ಮದುವೆಯಾಯಿತು, ಈ ವರ್ಷ ಸಾಲಿನಲ್ಲಿ ಫ್ಯಾನು ಕೆಟ್ಟು ಎಲ್ಲರೂ ಬೆವರಿ ಸತ್ತೆವು, ಇದರ ಸ್ಕ್ರೂ ಎಷ್ಟು ಸಣ್ಣದಿತ್ತೆಂದರೆ ಸೀನಿದರೆ ಐದು ಹೋಗುತ್ತಿದ್ದವು ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ ಹೋದಳು. ಜನ ಗಲಾಟೆ ನಿಲ್ಲಿಸಿದರು. ಆ ಹೆಂಗಸು ಹದಿನೆಂಟು ವರ್ಷ ಏನು ಮಾಡಿದಳೆಂದು ಆ ಬೀದಿಯವರು ಕೇಳಿದ್ದು ಅವತ್ತೇ ಮೊದಲು. ಅಕ್ಕನಿಗೆ ದುಃಖವಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಯಾವುದು ಹೆಚ್ಚು ಎಂದು ಅವಳಿಗೇ ತಿಳಿಯಲಿಲ್ಲ.

ಹತ್ತು ಬಿಚ್ಚಿದ್ದಾಯಿತು. ಉಳಿದದ್ದು ಮೊದಲ ವರ್ಷದ್ದು, ದಪ್ಪ ಗುಂಡಿಗಳ ಬೂದು ಬಣ್ಣದ್ದು. ಸ್ಕ್ರೂಡ್ರೈವರನ್ನು ಅದರ ಮೇಲೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು.

"ಇದೊಂದು ನನ್ನ ಕೈಲಿ ಆಗಲ್ಲ," ಎಂದಳು. "ಏನು ಬೇಕಾದ್ರೂ ಅನ್ನಿ. ಇದೊಂದು ಇರ್ಲಿ."

ಈಗ ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿದಳು. ಬಂದದ್ದು ಅಜ್ಜಿಯ ನಗು. ಕೋಲು ಅಲುಗುವಷ್ಟು ನಕ್ಕಳು ಮುದುಕಿ.

"ಒಂದು ಇಟ್ಕೋಬಹುದು ಅಂತ ಮೊದ್ಲೇ ಹೇಳೋಕೆ ನಿನಗೇನಾಗಿತ್ತೇ? ನನ್ನ ಹತ್ರ ಏಳಿವೆ. ಬೇಕಾಗಿರೋದು ಒಂದೇ, ನಮ್ಮ ಯಜಮಾನರು ಕೊಡ್ಸಿದ್ದು. ಅದನ್ನೂ ಕಿತ್ಕೋತೀಯ ಅಂತ ಹೆದರಿ ಎಲ್ಲಾನೂ ಅಪ್ಪಿಕೊಂಡು ಕೂತಿದ್ದೆ."

ಅಷ್ಟು ಹೇಳಿ ಮೆಟ್ಟಿಲು ಹತ್ತಿದವಳು ಸೆರಗಿನಲ್ಲಿ ಆರು ಫೋನು ತುಂಬಿಕೊಂಡು ಇಳಿದು ಬಂದಳು. ದರ್ಜಿಗೂ ಅಂಥದ್ದೊಂದಿತ್ತಂತೆ, ಅವನ ಹೆಂಡತಿ ಮದುವೆಗೆ ಮೊದಲು ಮೊದಲ ಸಲ ಬೈದದ್ದು ಅದರಲ್ಲೇ. ಅದನ್ನು ಬಿಟ್ಟು ಬಾಕಿ ನಾಲ್ಕು ತಂದ. ಎಲ್ಲರ ಮನೆಯಲ್ಲೂ ನಿಜವಾಗಿ ಬೇಕಾದದ್ದು ಒಂದೇ ಇತ್ತು, ಬಾಕಿಯವು ಅದರ ನೆರಳಲ್ಲಿ ಬದುಕಿಕೊಂಡಿದ್ದವು. ಭಾವ ಮತ್ತೆ ಏಣಿ ಹತ್ತಿದ. ಈ ಸಲ ಅಕ್ಕ ಏಣಿ ಹಿಡಿದು ನಿಂತು, ಒಂದೊಂದು ಮಾತನ್ನೂ ಎರಡೆರಡು ಸಲ ಓದಿಸಿ ಒಪ್ಪಿಗೆ ಕೊಟ್ಟಳು. ‘ಒಂದು ಇಟ್ಟುಕೊಳ್ಳಿ, ಉಳಿದದ್ದು ತನ್ನಿ’ ಎಂದು ಹಲಗೆ ಹೇಳಿತು. ಅಲೆ ಮಾತ್ರ ಅಳಿಸಲು ಭಾವ ಒಪ್ಪಲಿಲ್ಲ.

ಗುರುವಾರ ಕೂತು ಊಟ ಮಾಡಲು ಪುರಸೊತ್ತಿರಲಿಲ್ಲ. ಪಕ್ಕದ ಮೂರು ಬೀದಿಯವರು ಚೀಲ ಹೊತ್ತು ಬಂದರು. ಉಬ್ಬಿದ ಬ್ಯಾಟರಿಗಳನ್ನು ಮರಳಿನ ಡಬ್ಬಿಗೆ ಹಾಕಿ ಹಾಕಿ ನಾದಿನಿಯ ಕೈ ಸೋತಿತು. ತಂದವರು ಕೊಟ್ಟು ಸುಮ್ಮನೆ ಹೋಗುತ್ತಿರಲಿಲ್ಲ, ಮನೆಯಲ್ಲಿ ಉಳಿಸಿಕೊಂಡದ್ದು ಯಾವುದು, ಯಾಕೆ ಎಂದು ನಿಂತು ಹೇಳಿಯೇ ಹೋಗುತ್ತಿದ್ದರು. ಹಾಗಾಗಿ ಕೆಲಸ ತಡವಾಯಿತು, ಚಹಾ ಸಾಲದೆ ಹೋಯಿತು.

ಶುಕ್ರವಾರ ಹನ್ನೊಂದಕ್ಕೆ ಲಾರಿ ಬಂತು. ಅದನ್ನು ಓಡಿಸುವವಳು ಗಟ್ಟಿಮುಟ್ಟಾದ ಹೆಂಗಸು. ಅವಳ ಬಾಯಿಂದ ಮಾತು ತೆಗೆಯುವುದಕ್ಕಿಂತ ಅಂಟು ಹಾಕಿದ ಬ್ಯಾಟರಿ ಕೀಳುವುದು ಸುಲಭ. ಲಾರಿಯ ಹಿಂಬದಿಗೆ ತಕ್ಕಡಿ ತೂಗುಹಾಕಿ ಚೀಲದ ಮೇಲೆ ಚೀಲ ಏರಿಸಿದಳು. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ನಿಂತಿತ್ತು. ಕೊನೆಯ ಚೀಲವೂ ಆದ ಮೇಲೆ ಎಲ್ಲ ಕೂಡಿಸಿ ನೂರ ಎಂಬತ್ತಾರು ಎಂದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹದಿನಾಲ್ಕು ಕಿಲೋ ಕಡಿಮೆ. ದರ್ಜಿ ಓಡಿಹೋಗಿ ತನ್ನ ಇಸ್ತ್ರಿ ಪೆಟ್ಟಿಗೆ ತಂದು ಚೀಲದ ಮೇಲಿಟ್ಟ. ಭಾವ ಅಡುಗೆಮನೆಯ ಮಿಕ್ಸರ್ ತಂದ, ಅದರ ಜಾರಿನಲ್ಲಿ ಇನ್ನೂ ಚಟ್ನಿ ಇತ್ತು. ಲಾರಿಯವಳು ಎರಡನ್ನೂ ಒಂದೇ ಬೆರಳಲ್ಲಿ ಪಕ್ಕಕ್ಕೆ ಸರಿಸಿದಳು. ಅಕ್ಕ ಒಳಗೆ ಹೋಗಿ ಬೂದು ಬಣ್ಣದ ಫೋನನ್ನು ತರಲು ಎದ್ದಳು. ಅದರಿಂದ ನೂರು ಗ್ರಾಮೂ ತುಂಬುವುದಿಲ್ಲ ಎಂದು ಭಾವ ಅವಳ ತೋಳು ಹಿಡಿದು ನಿಲ್ಲಿಸಿದ. ಲಾರಿಯವಳು ಕಾಗದದಲ್ಲಿ ನೂರ ಎಂಬತ್ತಾರು ಎಂದು ಇದ್ದದ್ದು ಇದ್ದಂತೆ ಬರೆದಳು. ಅದರ ಕೆಳಗೆ ಮತ್ತೆ ಬರಬೇಕೋ ಬೇಡವೋ ಎಂದು ಬರೆಯುವ ಜಾಗವಿತ್ತು. ಅಲ್ಲಿಯೂ ಏನೋ ಗೀಚಿ, ಕಾಗದ ಮಡಚಿ ಕಿಸೆಗೆ ಹಾಕಿದಳು. ಏನು ಬರೆದೆ ಎಂದು ಕೇಳಲು ಅಕ್ಕನಿಗೆ ಧೈರ್ಯ ಸಾಲಲಿಲ್ಲ. ಊರಿಗೆಲ್ಲ ಎದುರು ನಿಂತವಳು ಆ ಒಂದು ಕಿಸೆಗೆ ಹೆದರಿದಳು.

ಲಾರಿ ಗುಡುಗುಟ್ಟಿ ಹೊರಟಿತು. ಬೀದಿಯ ತಿರುವಿನವರೆಗೆ ಹೋಗಿ ನಿಂತಿತು. ಕಿಟಕಿಯಿಂದ ತಲೆ ಹೊರಬಂತು. ಅಕ್ಕ ಓಡಿ ಹತ್ತಿರ ಹೋದಳು.

"ಪರದೆ ಒಡೆದಿರೋ ಲ್ಯಾಪ್‌ಟಾಪ್ ತಗೋತೀರಾ?" ಎಂದು ಲಾರಿಯವಳು ಕೇಳಿದಳು.

ತಗೋತೀವಿ ಎಂದಳು ಅಕ್ಕ.

"ನಮ್ಮನೇಲಿ ಎರಡಿವೆ. ಫೋನು ಆರಿವೆ. ಐದು ಅಂತ ಇಟ್ಕೊಳ್ಳಿ. ಮುಂದಿನ ತಿಂಗಳು ಬರ್ತಾ ತರ್ತೀನಿ."

ಲಾರಿ ತಿರುವು ದಾಟಿ ಹೋಯಿತು. ಹೊಗೆ ಕರಗುವವರೆಗೂ ಅಕ್ಕ ಅಲ್ಲೇ ನಿಂತಿದ್ದಳು. ಹಿಂದೆಯೇ ಬಂದಿದ್ದ ಗಂಡನ ಕಡೆ ತಿರುಗಿ, ಅವಳು ಮುಂದಿನ ತಿಂಗಳು ಎಂದಳಲ್ಲವೇ ಎಂದು ಕೇಳಿದಳು. ಎಂದಳು ಎಂದ ಭಾವ. ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲವೂ ಹೇಳಿದ. ಆಗ ಅಕ್ಕ ಹಾದಿಯ ಕಲ್ಲಿನ ಮೇಲೆ ಕೂತು, ಬೀದಿಯ ಜನರೆಲ್ಲ ನೋಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ, ಕಣ್ಣೀರು ಸುರಿಯುವಷ್ಟು ನಕ್ಕಳು.